ಈರಬಸಪ್ಪನ ಮೊಸಳೆ ಬಿಲ್ಲೆ

ಪುಣೆಯ ಶುಕ್ರವಾರ ಪೇಠೆಯ ಒಂದು ಹಳೇ ವಾಡೆಯಲ್ಲಿ ಎರಡು ಖೋಲಿ ಹಿಡಿದುಕೊಂಡಿದ್ದ ಈರಬಸಪ್ಪ ಕೆರೂರನಿಗೆ ಈ ಜನ್ಮದಲ್ಲಿ ಇದ್ದದ್ದು ಒಂದೇ ಆಸೆ. ಮನೆಯಲ್ಲ, ಸ್ಕೂಟರಲ್ಲ, ಸಾಹೇಬನ ಕುರ್ಚಿಯೂ ಅಲ್ಲ. ಎದೆಯ ಮೇಲೆ ಒಂದು ಬಿಲ್ಲೆ.

ನಗಬೇಡಿ. ಪೇಠೆಯ ಕನ್ನಡ ಮಂಡಳಿಯಲ್ಲಿ ಬಿಲ್ಲೆಯೆಂದರೆ ಸಾಮಾನ್ಯ ಸಂಗತಿಯಲ್ಲ. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಮಹಿಳಾ ವಿಭಾಗದ ಕಾಶವ್ವ ಹಳದಿ ಕೆಂಪು ರಿಬ್ಬನ್ನು ಮಡಚಿ ಮಡಚಿ ಹೂವು ಮಾಡಿ, ನಡುವೆ ರಟ್ಟಿನ ದುಂಡು ಅಂಟಿಸಿ, ಅದರ ಮೇಲೆ ‘ಕಾರ್ಯಕರ್ತ’ ಎಂದು ಬರೆಯುತ್ತಿದ್ದಳು. ಇಪ್ಪತ್ತೈದೇ ಬಿಲ್ಲೆ. ಬೆಳಗ್ಗೆ ಎಂಟಕ್ಕೆ ಕಾರ್ಯಾಲಯದ ಬಾಗಿಲಲ್ಲಿ ಹಂಚಿಕೆ. ಆ ಎಂಟಕ್ಕೆ ಸರಿಯಾಗಿ ಈರಬಸಪ್ಪ ಎಲ್ಲಿರುತ್ತಿದ್ದನೆಂದರೆ, ಮಂಡಪದವನ ಗೋದಾಮಿನಿಂದ ಬರುವ ಟೆಂಪೋದ ಹಿಂದೆ, ಇನ್ನೂರು ಕುರ್ಚಿಗಳು ಜಾರದಂತೆ ಬೆನ್ನು ಕೊಟ್ಟುಕೊಂಡು. ಕುರ್ಚಿ ಇಳಿಸಿ, ಸಾಲು ಹಚ್ಚಿ, ಬೆವರು ಒರೆಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಬಿಲ್ಲೆ ಖಲಾಸ್. ಒಂದು ಕಡ್ಡಿಯನ್ನೂ ಎತ್ತಿ ಆ ಕಡೆ ಇಡದವರ ಎದೆಯ ಮೇಲೆಲ್ಲ ಹೂವು ಅರಳಿರುತ್ತಿತ್ತು.

“ಅಯ್ಯ, ಈರಬಸಪ್ಪಾ! ಮುಂದಿನ ವರ್ಷ ನಿನಗೊಂದು ತೆಗೆದಿಟ್ಟಿರತೇನಿ, ತಗೋ,” ಎನ್ನುತ್ತಿದ್ದರು ಅಧ್ಯಕ್ಷ ಬಸವಲಿಂಗಪ್ಪ. ಬೇರಿಂಗ್ ಅಂಗಡಿಯ ಯಜಮಾನರು, ಮಾತೂ ಹಾಗೇ ನುಣ್ಣಗೆ ತಿರುಗುತ್ತಿತ್ತು. ಈ ಮುಂದಿನ ವರ್ಷ ಹದಿನೇಳು ವರ್ಷದಿಂದ ಬಂದೇ ಇರಲಿಲ್ಲ.

ಹೋದ ವರ್ಷವಂತೂ ಕಾಶವ್ವ ಊಟದ ಬಾಗಿಲಲ್ಲಿ ಅವನನ್ನು ತಡೆದೇಬಿಟ್ಟಳು. “ಮೊದಲನೇ ಪಂಕ್ತಿ ಕಾರ್ಯಕರ್ತರಿಗಷ್ಟ ಐತ್ರಿ. ನಿಮ್ಮ ಬಿಲ್ಲೆ ಎಲ್ಲಿ? ಯಾರ ನೀವು?” ಅವಳು ಕೂತು ರಿಬ್ಬನ್ ಮಡಚಿದ ಕುರ್ಚಿಯೂ ಅವನೇ ಹೊತ್ತು ತಂದದ್ದು. ಈರಬಸಪ್ಪ ಮನೆಗೆ ಬಂದು, ಹೊಟ್ಟೆ ಸರಿ ಇಲ್ಲವೆಂದು ಹೆಂಡತಿ ಪಾರವ್ವನಿಗೆ ಸುಳ್ಳು ಹೇಳಿ, ಬರೀ ಮಜ್ಜಿಗೆ ಕುಡಿದು ಮಲಗಿದ. ಮನಸ್ಸಿಗೆ ಬಹಳ ನೋವಾಗಿತ್ತು.

ಹೀಗಿರುವಾಗ, ತೊಂಬತ್ತೆಂಟನೇ ಇಸವಿಯ ಅಕ್ಟೋಬರದ ಒಂದು ಆದಿತ್ಯವಾರ ಪಾರವ್ವ ಅವನನ್ನು ಕುಕ್ಕರಿನ ಸೀಟಿ ತರಲು ಬುಧವಾರ ಮತ್ತು ಆದಿತ್ಯವಾರ ಸೇರುವ ಹಳೇ ಸಾಮಾನಿನ ಜುನಾ ಬಾಜಾರಕ್ಕೆ ಅಟ್ಟಿದಳು. ಹಳೇ ಗಡಿಯಾರ, ಹಳೇ ಬೀಗ, ಹಳೇ ಬೂಟು ಹಾಸಿಕೊಂಡು ಕೂತವರ ನಡುವೆ ಒಬ್ಬ ಮುದುಕ ತಟ್ಟೆಯ ತುಂಬ ತಗಡಿನ ಬಿಲ್ಲೆ ಇಟ್ಟುಕೊಂಡಿದ್ದ. ಕೋಟಿನ ಕಾಲರಿಗೆ ಚುಚ್ಚಿಕೊಳ್ಳುವಂಥವು, ರೂಪಾಯಿಗಿಂತ ಸ್ವಲ್ಪ ದೊಡ್ಡವು. ಒಂದರ ಮೇಲೆ ಕೊಡೆ ಹಿಡಿದ ಕೋಳಿ, ಇನ್ನೊಂದರ ಮೇಲೆ ಕನ್ನಡಕದ ಆಮೆ. ಎಲ್ಲದರ ಬಣ್ಣ ಮಾಸಿತ್ತು, ನಗು ಮಾತ್ರ ಮಾಸಿರಲಿಲ್ಲ. ಅವುಗಳ ನಡುವಿನಿಂದ ಒಂದು ಹಸಿರು ಮೊಸಳೆ ಈರಬಸಪ್ಪನನ್ನೇ ನೋಡಿ ಹಲ್ಲು ಕಿರಿಯಿತು.

ಪುಣೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ನೋಡಿ ಮೊದಲು ನಕ್ಕದ್ದು ಅದೊಂದೇ. ಅವನೂ ನಕ್ಕ. ಕೈಗೆ ತೆಗೆದುಕೊಂಡು ನೋಡಿದ. ಮೊಸಳೆಯ ಗದ್ದದ ಕೆಳಗಿನಿಂದ ಬಿಳಿ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದ್ದರು. ಗಂಟಿನ ಎರಡು ತುದಿ ಸೆಟೆದು ನಿಂತಿದ್ದವು. ಈರಬಸಪ್ಪ ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿ, ಇದು ಪೇಟವೇ ಸೈ, ಮೊಸಳೆಗೆ ಯಾರೋ ಸನ್ಮಾನ ಮಾಡಿದ್ದಾರೆ ಎಂದು ತೀರ್ಮಾನಿಸಿದ. ಬಾಯಲ್ಲಿ ಒಂದು ಹಲ್ಲಿನ ಜಾಗ ಖಾಲಿ ಇತ್ತು. ಬಣ್ಣ ಹಾರಿರಬೇಕು ಎಂದುಕೊಂಡ. ಅಂಚಿನ ಸುತ್ತ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅದನ್ನು ತುಕ್ಕು ತಿಂದುಹಾಕಿತ್ತು.

“ಸೀಟಿ ತರ್ರಿ ಅಂತ ಕಳಿಸಿದ್ರ ಮೊಸಳಿ ತಂದೀರಲ್ಲ!” ಎಂದಳು ಪಾರವ್ವ.

“ಹಳೇ ಕಾಲದ್ದು. ಭಾಳ ಅಪರೂಪದ್ದು ಅದ ಇದು.”

“ನೀವೂ ಹಳೇ ಕಾಲದವರ. ನಿಮ್ಮನ್ನ ಯಾರ ಕೊಂಡಾರು? ಬ್ಯಾಳಿ ಹೆಂಗ ಬೇಯಿಸಲಿ ಹೇಳ್ರಿ.”

ಸೋಮವಾರ ಬೆಳಗ್ಗೆ ಅವನು ಅಂಗಿಯ ಜೇಬಿನ ಮೇಲೆ ಮೊಸಳೆಯನ್ನು ಚುಚ್ಚಿಕೊಂಡು ಸ್ವಾರಗೇಟದಲ್ಲಿ ಹಡಪಸರದ ಬಸ್ಸು ಹತ್ತಿದ. ಹನ್ನೊಂದು ವರ್ಷದಿಂದ ಅವನ ಬೆನ್ನು ನೂಕಿ “ಪುಢೇ ಸರಕಾ”, ಮುಂದೆ ಸರಿ, ಎನ್ನುವುದನ್ನು ಬಿಟ್ಟು ಬೇರೆ ಮಾತಾಡದ ಕಂಡಕ್ಟರ್ ಬಿಲ್ಲೆ ನೋಡಿದ. ಮೊದಲು ಮುಗುಳ್ನಕ್ಕ. ಆಮೇಲೆ ಗಂಭೀರನಾದ. ಎದೆಯ ಮೇಲೆ ಬಿಲ್ಲೆ ಇದ್ದವನು ಸುಮ್ಮನೆ ಇರುವವನಲ್ಲ. ಗಣಪತಿಗಾದರೂ ಇಲೆಕ್ಷನ್ನಿಗಾದರೂ ತಪಾಸಣೆಗಾದರೂ ಬಂದಿರಬೇಕು. ಒಬ್ಬ ಕಾಲೇಜಿನವನನ್ನು ಎಬ್ಬಿಸಿ “ಬಸಾ ಸಾಹೇಬ್” ಎಂದು ಜಾಗ ಕೊಡಿಸಿದ. ಈರಬಸಪ್ಪ ಚಿಲ್ಲರೆ ಚಾಚಿದರೆ, “ಕಾಯ್ ಸಾಹೇಬ್, ಲಾಜವತಾ ಕಾ?” ಎಂದು, ನನ್ನನ್ನು ನಾಚಿಸಬೇಡಿ ಎನ್ನುವಂತೆ ಕೈಯನ್ನೇ ಹಿಂದೆ ಸರಿಸಿದ. ಈರಬಸಪ್ಪ ಹೆದರಿ ಒಂದರ ಬದಲು ಎರಡು ತಿಕೀಟು ಕೊಂಡ. ಸಾಹೇಬ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆಂದು ಕಂಡಕ್ಟರ್ ಬೆವೆತುಹೋದ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಂಜೆ ವಾಡೆಯ ನಳದ ಹತ್ತಿರ ಎದುರುಮನೆಯ ಮರಾಠಿ ಅಕ್ಕ ರಂಜನಾ ತಾಯಿ ಕೊಡ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಇದೇನು ಎಂದು ಮರಾಠಿಯಲ್ಲಿ ಕೇಳಿದರು. ಚೆಂದ ಕಂಡಿತು, ಹಾಕಿಕೊಂಡೆ ಎಂದರೆ ಮುಗಿಯುತ್ತಿತ್ತು. ಆದರೆ ಐವತ್ತು ವರ್ಷದ ಗಂಡಸು, ಸ್ಪೇರ್ ಪಾರ್ಟ್ ಕಂಪನಿಯ ಗುಮಾಸ್ತ, ಮೊಸಳೆ ಚೆಂದ ಕಂಡಿತು ಎಂದು ಹೇಗೆ ಹೇಳಿಯಾನು?

“ಕ್ಲಬ್ಬಿಂದು,” ಎಂದ.

“ಯಾವ ಕ್ಲಬ್ಬು?”

“ಇಂಟರ್‌ನ್ಯಾಷನಲ್.”

ಕೊಡ ತುಂಬುವುದರೊಳಗೆ ಸುದ್ದಿ ವಾಡೆ ತುಂಬಿತು. ಕೆರೂರನಿಗೆ ಪರದೇಶದ ಕ್ಲಬ್ಬಿನವರು ಬಿಲ್ಲೆ ಕಳಿಸಿದ್ದಾರಂತೆ. ಏಳೆಂಟು ದೇಶದಲ್ಲಿ ಶಾಖೆ ಇದೆಯಂತೆ. ನಾಲ್ಕು ತಿಂಗಳಿಂದ ಸೋರುತ್ತಿದ್ದ ಅವನ ಬಚ್ಚಲ ಮೋರಿಗೆ ವಾಡೆಯ ಮಾಲೀಕನ ಕಡೆಯಿಂದ ಮರುದಿನವೇ ಗಾರೆಯವನು ಬಂದ. ಈರಬಸಪ್ಪ ಮೊಸಳೆಯನ್ನು ನೋಡಿದ. ಮೊಸಳೆ ಅವನನ್ನು ನೋಡಿ ಹಲ್ಲು ಕಿರಿಯಿತು. ಇಬ್ಬರಿಗೂ ಒಳಗುಟ್ಟು ಗೊತ್ತಿತ್ತು.

ಮೂರನೇ ದಿನ ಖರಾಡಿಯಿಂದ ಪಾರವ್ವನ ಅಣ್ಣ, ಈರಬಸಪ್ಪನ ತಂಗಿಯನ್ನೇ ಮದುವೆಯಾಗಿದ್ದ ಲಾಲಪ್ಪ ಬಂದ. ಅಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಆಳು ಒದಗಿಸುತ್ತಿದ್ದ ಮನುಷ್ಯ. ತಂಗಿಯ ಮನೆಗೆ ಮೂರು ವರ್ಷದಿಂದ ಕಾಲಿಡದವನು ಕೈಯಲ್ಲಿ ಬಾಳೆಹಣ್ಣು ಹಿಡಿದು ಬಂದಿದ್ದ.

“ಭಾವಾ, ನನಗೂ ಒಂದು ಬಿಲ್ಲೆ ಕೊಡಸ್ರಿ. ಸೈಟಿನ್ಯಾಗ ದಿನಾ ಒಬ್ಬಾಂವ ಬಂದು ನೀ ಯಾರು, ಕಾಗದ ಎಲ್ಲಿ ಅಂತಾನ. ಎದಿ ಮ್ಯಾಲ ಇಂಥಾದ್ದೊಂದು ಇತ್ತಂದ್ರ ಯಾವಾಂವನೂ ಬಾಯಿ ಬಿಡೂದಿಲ್ಲ.”

ಈರಬಸಪ್ಪ ಗಾಬರಿಯಾದ. ತಪ್ಪಿಸಿಕೊಳ್ಳಲು ಬಾಯಿಗೆ ಬಂದ ನಿಯಮವೊಂದನ್ನು ಹೊರಡಿಸಿದ. “ಇದು ಹಂಗ ಸಿಗೂದಲ್ಲ, ಲಾಲಪ್ಪ. ಭಾಳ ನೋವು ತಡಕೊಂಡವರಿಗಷ್ಟ ಕೊಡತಾರ.”

“ಅಷ್ಟ ಹೌದಲ್ರಿ? ನನಗ ಮೂತ್ರಪಿಂಡದಾಗ ಕಲ್ಲು ಆಗಿತ್ತು. ಹನ್ನೊಂದ ದಿನ ಒದ್ದಾಡೇನಿ.”

“ಒದ್ದಾಡಬಾರದು. ಸುಮ್ಮನ ತಡಕೋಬೇಕು.”

“ಹಂಗಾದ್ರ ನಿಮ್ಮ ತಂಗಿ, ಅಂದ್ರ ನನ್ನ ಹೇಂತಿ, ಆಕಿ ಜೋಡಿ ಇಪ್ಪತ್ತ ವರ್ಷ ಸುಮ್ಮನ ತಡಕೊಂಡೇನಿ. ಅದನ್ನ ಬರಕೊಳ್ರಿ.”

ಪಾರವ್ವ ಒಳಗಿನಿಂದಲೇ, “ಆ ಮೊಸಳಿ ನೋಡಿದಾಗಿಂದ ಯಾರ್ನೋ ನೋಡಿದಂಗ ಆಗಿತ್ತು. ಈಗ ತಿಳೀತು ನೋಡ್ರಿ, ನಮ್ಮಣ್ಣ,” ಎಂದಳು.

ಮೊಸಳೆಯ ಸುದ್ದಿ ವಾಡೆ ದಾಟಿ ಮಂಡಳಿಯ ಕಿವಿಗೂ ಬಿತ್ತು. ಒಂದು ಸಂಜೆ ಸಾಕ್ಷಾತ್ ಬಸವಲಿಂಗಪ್ಪನವರೇ ವಾಡೆಯ ಸಣ್ಣ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದರು. ಹದಿನೇಳು ವರ್ಷದಲ್ಲಿ ಮೊದಲ ಸಲ. ಪಾರವ್ವ ಚಹಾಕ್ಕೆ ಎಸರಿಟ್ಟಳು. ಅವರು ಬಿಲ್ಲೆಯನ್ನು ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, ಏನೂ ತಿಳಿಯದಿದ್ದರೂ ಗೋಣು ಹಾಕಿದರು.

“ಈರಬಸಪ್ಪನವರ,” ಎಂದರು. ನವರ! ಬೇರೆ ಯಾರಾದರೂ ಇದ್ದಾರೋ ಎಂದು ಈರಬಸಪ್ಪ ಹಿಂದೆ ತಿರುಗಿ ನೋಡಿದ. “ಈ ಸರತೆ ರಾಜ್ಯೋತ್ಸವದಾಗ ನಿಮಗ ಸನ್ಮಾನ ಅದ. ಶಾಲು, ಪೇಟಾ, ಕಾಯಿ. ಅಂತರರಾಷ್ಟ್ರೀಯ ಸದಸ್ಯರು ಅಂತ ಕಾರ್ಡಿನ್ಯಾಗ ಹಾಕಿಸೇನಿ. ಮುಂಬೈಯಿಂದ ಡಾಕ್ಟರ್ ರಾಜೀವಿ ಅಂತ ಹಿರಿಯರೊಬ್ಬರು ಮುಖ್ಯ ಅತಿಥಿ. ಅವರ ಬಾಜೂಕ ನಿಮ್ಮ ಕುರ್ಚಿ.”

ಕುರ್ಚಿ ಎಂಬ ಮಾತು ಕೇಳಿ ಈರಬಸಪ್ಪನಿಗೆ ಅಭ್ಯಾಸಬಲದಿಂದ ಒಂದು ನೆನಪಾಯಿತು. “ಹಂಗಾದ್ರ ಕುರ್ಚಿ ತರೂದು ಯಾರ್ರೀ?”

ಬಸವಲಿಂಗಪ್ಪ ನುಣ್ಣಗೆ ನಕ್ಕರು. “ನಿಮ್ಮ ಸನ್ಮಾನ ಹನ್ನೊಂದಕ್ಕ. ಕುರ್ಚಿ ಎಂಟೂವರಿಗೆ ಬಂದ್ರ ಸಾಕು.”

ಆ ವಾರ ಈರಬಸಪ್ಪ ನಿಜ ಹೇಳಿಬಿಡಲೇ ಎಂದು ಅಧ್ಯಕ್ಷರ ಅಂಗಡಿಯ ತನಕ ಎರಡು ಸಲ ಹೋಗಿ, ಬೇಡವಾದ ಬೇರಿಂಗಿನ ಬೆಲೆ ಕೇಳಿ ತಿರುಗಿ ಬಂದ. ‘ನನ್ನಂಥ ಕತ್ತೆ ಇನ್ನೊಂದಿಲ್ಲ. ಬಿಲ್ಲೆ ಬೇಕಾಗಿತ್ತು, ಬಿಲ್ಲೆ ಸಿಕ್ಕಿತು, ಈಗ ಅದನ್ನು ಹೊತ್ತುಕೊಂಡು ಓಡಾಡು’ ಎಂದು ತನ್ನನ್ನೇ ಬೈದುಕೊಂಡ. ಆದರೆ ಹೇಳಲಿಲ್ಲ. ಸನ್ಮಾನದ ಆಸೆ ಹೆದರಿಕೆಗಿಂತ ಒಂದು ಗುಲಗಂಜಿ ಹೆಚ್ಚಿತ್ತು.

ನವೆಂಬರ್ ಒಂದು ಆದಿತ್ಯವಾರವೇ ಬಂತು. ನಸುಕಿನಲ್ಲಿ ಟೆಂಪೋ ಹತ್ತಿ ಇನ್ನೂರು ಕುರ್ಚಿ ತಂದು ಸಾಲು ಹಚ್ಚಿ, ನಳದ ಹತ್ತಿರ ಮುಖ ತೊಳೆದು, ತನ್ನ ಮದುವೆಯ ಕೋಟು ತೊಟ್ಟು, ಅದರ ಕಾಲರಿಗೆ ಮೊಸಳೆಯನ್ನು ಚುಚ್ಚಿಕೊಂಡು ಈರಬಸಪ್ಪ ಬಾಗಿಲಿಗೆ ಬಂದ. ರಿಬ್ಬನ್ ಬಿಲ್ಲೆಗಳು ಎಂದಿನಂತೆ ಖಲಾಸಾಗಿದ್ದವು. ಆದರೆ ಕಾಶವ್ವ ಮೊಸಳೆಯನ್ನು ಕಂಡು ಎದ್ದು ನಿಂತಳು.

“ಬರ್ರಿ ಬರ್ರಿ ಸಾಹೇಬರ! ನಿಮಗ ನಮ್ಮ ರಿಬ್ಬನ್ ಯಾತಕ್ಕ ಬೇಕ್ರೀ,” ಎಂದಳು. ಹೋದ ವರ್ಷ ಯಾರ ನೀವು ಎಂದು ಕೇಳಿದ ಅದೇ ಬಾಯಿ. ಈರಬಸಪ್ಪನಿಗೆ ಸಂತೋಷವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

ವೇದಿಕೆಯ ಮೇಲೆ ಡಾಕ್ಟರ್ ರಾಜೀವಿ, ಬೆಳ್ಳಿಕೂದಲಿನ, ಕರಾವಳಿಯ ಕಡೆಯ ಹೆಂಗಸು, ಅವನ ಕಾಲರನ್ನೇ ದಿಟ್ಟಿಸುತ್ತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ದಿಟ್ಟಿಸಿದರು. ಇವರಿಗೆ ಕ್ಲಬ್ಬು ಗೊತ್ತಿರಬಹುದೇ ಎಂದು ಈರಬಸಪ್ಪ ಕುಳಿತಲ್ಲೇ ಕುಗ್ಗಿದ. ಅಷ್ಟರಲ್ಲಿ ಸನ್ಮಾನಕ್ಕೆ ಕರೆದರು. ಕುಳಿತವರಲ್ಲಿ ರಂಜನಾ ತಾಯಿ, ಲಾಲಪ್ಪ, ಪಾರವ್ವ ಎಲ್ಲ ಇದ್ದರು. ಶಾಲು ಹೊದಿಸಿದರು. ಪೇಟವನ್ನು ಬಸವಲಿಂಗಪ್ಪನವರ ತಲೆಯ ಅಳತೆಗೆ ತಂದಿದ್ದರೋ ಏನೋ, ಈರಬಸಪ್ಪನ ಕಣ್ಣು, ಮೂಗು ದಾಟಿ ಗದ್ದದ ತನಕ ಜಾರಿತು. ಮೇಲೆತ್ತಿದರೆ ಮತ್ತೆ ಜಾರಿತು. ಕೊನೆಗೆ ಅಧ್ಯಕ್ಷರು ಒಂದು ಬಿಳಿ ವಸ್ತ್ರ ತರಿಸಿ, ಅವನ ಗದ್ದದ ಕೆಳಗಿನಿಂದ ಬಿಗಿದು, ಪೇಟದ ಮೇಲೆ ಗಂಟು ಹಾಕಿದರು. ಗಂಟಿನ ಎರಡು ತುದಿ ಸೆಟೆದು ನಿಂತವು. ಚಪ್ಪಾಳೆ ಬಿತ್ತು.

ಆಗ ಡಾಕ್ಟರ್ ರಾಜೀವಿ ತಡೆಯಲಾರದೆ ಎದ್ದು ಮೈಕು ಹಿಡಿದರು.

“ನಾನು ಭಾಷಣ ಬರೆದುಕೊಂಡು ಬಂದಿದ್ದೆ. ಆದರೆ ಇವರ ಕೋಟಿನ ಮೇಲಿನ ಈ ಮೊಸಳೆಯನ್ನು ನೋಡಿ ಎಲ್ಲ ಮರೆತುಹೋಯಿತು. ಮೂವತ್ತೈದು ವರ್ಷ ಆಯ್ತು ಇದನ್ನು ನೋಡಿ! ನಾನು ಹಲ್ಲಿನ ಡಾಕ್ಟರು. ಮುಂಬೈಯಲ್ಲಿ ನನಗೆ ಕೆಲಸ ಕಲಿಸಿದ ಗುರುಗಳು ಇದನ್ನು ತಮ್ಮ ಕೈಯಾರೆ ಬರೆದು, ತಗಡಿನಲ್ಲಿ ಮಾಡಿಸಿದ್ದರು. ನೋಡಿ, ಹಲ್ಲು ಕೀಳಿಸಿಕೊಂಡು ಒಂದು ಜಾಗ ಖಾಲಿ. ದವಡೆಗೆ ಪಟ್ಟಿ. ಹಲ್ಲು ಕೀಳುವಾಗ ಅಳದೆ ಕೂತ ಮಕ್ಕಳಿಗೆ ಮಾತ್ರ ಕೊಡುತ್ತಿದ್ದರು. ಸುತ್ತಲೂ ಬರೆದಿರುತ್ತಿತ್ತು, ‘ಇವತ್ತು ನಾನು ಅಳಲಿಲ್ಲ’ ಅಂತ.” ಅವರು ಈರಬಸಪ್ಪನ ಕಡೆ ತಿರುಗಿ, ಗದ್ದದಿಂದ ಗಂಟಿನ ತನಕ ನೋಡಿ, ಮಗುವಿನಂತೆ ಸಂತೋಷಪಟ್ಟರು. “ಅಯ್ಯೋ, ಈಗಂತೂ ನೀವು ಅದರ ಹಾಗೇ ಕಾಣ್ತೀರಿ! ನಿಮ್ಮದು ಯಾವ ಹಲ್ಲು?”

ಮೊದಲು ಲಾಲಪ್ಪ ನಕ್ಕ. ಆಮೇಲೆ ಇನ್ನೂರು ಕುರ್ಚಿಗಳೂ ನಕ್ಕವು. ಕನ್ನಡ ತಿಳಿಯದ ರಂಜನಾ ತಾಯಿ ಪಕ್ಕದವರಿಂದ ಅರ್ಥ ಕೇಳಿ ತಡವಾಗಿ, ಆದರೆ ಎಲ್ಲರಿಗಿಂತ ಜೋರಾಗಿ ನಕ್ಕರು. ಬಸವಲಿಂಗಪ್ಪ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಕೊಡಬೇಕೋ ಬೇಡವೋ ತಿಳಿಯದೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ನಗದೆ ಕೂತವಳು ಪಾರವ್ವ ಒಬ್ಬಳೇ.

ಈರಬಸಪ್ಪ ಮೈಕಿನ ಹತ್ತಿರ ಬಂದ. ಗದ್ದಕ್ಕೆ ವಸ್ತ್ರ ಬಿಗಿದಿದ್ದರಿಂದ ಬಾಯಿ ಅರ್ಧವೇ ತೆರೆಯುತ್ತಿತ್ತು.

“ಹಲ್ಲು ಕಿತ್ತಿಸಿಲ್ರಿ, ಡಾಕ್ಟರ್‌ಬಾಯಿ. ಎಲ್ಲಾ ಅದಾವ. ಒಂದು ಮಾತ್ರ ಮಾವನ ಮನ್ಯಾಗ ಕರದಂಟು ತಿನ್ನೂಮುಂದ ಮುರೀತು. ಆವತ್ತೂ ನಾ ಅತ್ತೇನಿ.” ಮತ್ತೆ ನಗು. ಅವನೂ ನಕ್ಕ, ತನ್ನನ್ನು ನೋಡಿ ನಗುವುದರಲ್ಲಿ ಅವನು ಯಾವಾಗಲೂ ಎಲ್ಲರಿಗಿಂತ ಮುಂದೆ. “ಕ್ಲಬ್ಬಿಲ್ಲ, ಇಂಟರ್‌ನ್ಯಾಷನಲ್ಲೂ ಇಲ್ಲ. ಕುಕ್ಕರಿನ ಸೀಟಿ ತರಾಕ ಹೋಗಿ ಇದನ್ನ ತಂದೆ. ಸುಳ್ಳು ಹೇಳಿದೆ, ತಪ್ಪಾತು. ಹದಿನೇಳ ವರ್ಷ ಕುರ್ಚಿ ತರಾಕ ಹೋಗತೇನಿ, ಬರೂದ್ರೊಳಗ ಬಿಲ್ಲೆ ತೀರಿರತಾವ. ಹೋದ ವರ್ಷ ಊಟದ ಬಾಗಲದಾಗ ಯಾರ ನೀವು ಅಂದ್ರು. ಇದನ್ನ ಹಚ್ಚಿಕೊಂಡ ಮ್ಯಾಲ ಒಬ್ಬರೂ ಹಂಗ ಕೇಳಲಿಲ್ರಿ. ಅದಕ್ಕ ಬಿಚ್ಚಲಿಲ್ಲ. ಇಷ್ಟ.”

ಕೊನೆಯ ಮಾತುಗಳಿಗೆ ಯಾರೂ ನಗಲಿಲ್ಲ. ಅವನು ಪೇಟ ತೆಗೆದು, ಶಾಲು ನೀಟಾಗಿ ಮಡಚಿ ಅಧ್ಯಕ್ಷರ ಕೈಗೆ ಕೊಟ್ಟು ಕೆಳಗಿಳಿದ. ಕಣ್ಣು ಒಣಗಿಯೇ ಇತ್ತು. ಟೆಂಪೋದವನಿಗೆ ಫೋನು ಮಾಡಬೇಕಾಗಿತ್ತು, ಹೋದ.

ಫೋನಿನ ಅಂಗಡಿಯಲ್ಲಿ ಸಾಲಿತ್ತು. ಮಾಡಿ, ಒಂದು ಚಹಾ ಕುಡಿದು, ಇನ್ನು ಯಾರ ಮುಖ ನೋಡುವುದಪ್ಪಾ ಎಂದು ಹಿಂದಿನ ಗೇಟಿನಿಂದ ಒಳಗೆ ಬಂದವನು ಅಲ್ಲೇ ನಿಂತುಬಿಟ್ಟ. ಸಭೆ ಮುಗಿದಿತ್ತು. ಊಟದ ಬಾಗಿಲು ಇನ್ನೂ ತೆರೆದಿರಲಿಲ್ಲ. ಅದರ ಮುಂದೆ ಕಾಶವ್ವ ಎರಡೂ ಕೈ ಅಡ್ಡ ಚಾಚಿ ನಿಂತು ಕೂಗುತ್ತಿದ್ದಳು. “ತಂತಮ್ಮ ಕುರ್ಚಿ ಗೇಟಿಗೆ ಒಯ್ದಿಟ್ಟ ಬರ್ರಿ! ಅಲ್ಲೀತನಕ ಯಾರಿಗೂ ಊಟಿಲ್ಲ. ಬಿಲ್ಲೆ ಗಿಲ್ಲೆ ನನಗ ತೋರಿಸಬ್ಯಾಡ್ರಿ!”

ಜನ ಸಾಲಾಗಿ ಬರುತ್ತಿದ್ದರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕುರ್ಚಿ. ರಂಜನಾ ತಾಯಿ ಕೊಡದಂತೆ ಸೊಂಟಕ್ಕೇರಿಸಿಕೊಂಡು ಎರಡು ತಂದರು. ಲಾಲಪ್ಪ ನಾಲ್ಕು ತಂದ. ಡಾಕ್ಟರ್ ರಾಜೀವಿ ಬೇಡವೆಂದರೂ ಕೇಳದೆ ತಮ್ಮ ಕುರ್ಚಿ ತಾವೇ ಎತ್ತಿಕೊಂಡು ಬಂದರು. ಬಸವಲಿಂಗಪ್ಪನವರೂ ಒಂದನ್ನು ತಂದರು; ಹಿಡಿದದ್ದು ಒಂದು ಕಾಲು, ಉಳಿದ ಮೂರು ಕಾಲು ಇನ್ನಿಬ್ಬರು ಹಿಡಿದಿದ್ದರು. ಗೇಟಿನ ಪಕ್ಕ ಇಳಿಸಿ, ಸೊಂಟ ನೀವಿಕೊಂಡು, “ಭಾಳ ಭಾರ ಅದಾವಪ್ಪ ಇವು,” ಎಂದರು.

“ಇನ್ನೂರು ಅದಾವ್ರಿ,” ಎಂದ ಈರಬಸಪ್ಪ.

ಬಸವಲಿಂಗಪ್ಪ ತಮ್ಮ ಎದೆಯ ರಿಬ್ಬನ್ ಹೂವನ್ನು ಬಿಚ್ಚಿ ಅವನ ಮುಂದೆ ಹಿಡಿದರು. ಹದಿನೇಳು ವರ್ಷ ಕಾದ ಬಿಲ್ಲೆ. ಈರಬಸಪ್ಪ ಅದನ್ನು ನೋಡಿದ, ತನ್ನ ಕಾಲರನ್ನು ನೋಡಿಕೊಂಡ. “ನಿಮ್ಮಲ್ಲೇ ಇರಲಿ, ಯಜಮಾನ್ರ. ಕುರ್ಚಿ ಹೊತ್ತೀರಿ. ನನಗ ಜಾಗಾ ಖಾಲಿ ಇಲ್ಲ,” ಎಂದ.

ಹೇಳುವಾಗ ದನಿ ಸರಿಯಾಗಿಯೇ ಇತ್ತು. ಆದರೆ ಮತ್ತೊಂದು ಕುರ್ಚಿ ಬಂತು, ಅದರ ಹಿಂದೆ ಇನ್ನೊಂದು ಬಂತು, ತಾನು ಏನೂ ಎತ್ತದೆ ಸುಮ್ಮನೆ ನಿಂತಿದ್ದಾನೆ ಎಂಬುದು ಅವನಿಗೆ ಅರಿವಾಯಿತು. ವೇದಿಕೆಯ ಮೇಲೆ ಅಷ್ಟು ಜನ ನಕ್ಕಾಗ ಒಣಗಿದ್ದ ಕಣ್ಣು ಈಗ ಹೇಳದೆ ಕೇಳದೆ ತುಂಬಿ ಹರಿಯಿತು. ಕೋಟಿನ ತೋಳಿನಿಂದ ಒರೆಸಿಕೊಂಡ, ಮತ್ತೆ ಹರಿಯಿತು.

ಪಾರವ್ವ ತನ್ನ ಕುರ್ಚಿ ಇಳಿಸಿ ಹತ್ತಿರ ಬಂದಳು. ಗಂಡನ ಮುಖ ನೋಡಿದಳು. ಅವನ ಕಾಲರಿನಿಂದ ಮೊಸಳೆಯನ್ನು ಹುಷಾರಾಗಿ ಬಿಚ್ಚಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

“ಯಾಕ?” ಎಂದ ಈರಬಸಪ್ಪ.

“ಅದರಾಗ ಏನ ಬರದದ ಕೇಳಲಿಲ್ಲೇನು? ಇವತ್ತ ನಿಮಗ ಇದು ನಡಿಯೂದಿಲ್ಲ,” ಎಂದಳು ಪಾರವ್ವ. “ಬುಧವಾರ ಸೀಟಿ ತರಾಕ ಹೋಗೂಮುಂದ ಹಚ್ಚಿಕೊಳ್ಳೂವಂತ್ರಿ. ಬರ್ರಿ, ಮೊದಲನೇ ಪಂಕ್ತಿ ಕೂಡಾಕ ಹತ್ಯಾರ.”